ಗ್ರೇಡಿಂಗ್‌ಗೆ ಕಾರ್ಡ್ ಕಳಿಸುವಾಗ ಇನ್ಶೂರೆನ್ಸ್ ಎಷ್ಟಕ್ಕೆ? ಈಗಿನ ಬೆಲೆಗಾ, 10 ಬಂದ್ರೆ ಸಿಗೋ ಬೆಲೆಗಾ?

ಎಡಿಸನ್_ಕಲೆಕ್ಟರ್
ನ್ಯೂಜೆರ್ಸಿಯಿಂದ ಪಿಎಸ್‌ಎಗೆ, ಅಂದ್ರೆ ಕಾರ್ಡಿನ ಸ್ಥಿತಿ ನೋಡಿ 1ರಿಂದ 10ರವರೆಗೆ ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ (ಸ್ಲ್ಯಾಬ್) ಸೀಲ್ ಮಾಡಿ ಕೊಡೋ ಕಂಪನಿಗೆ, ಸಂಗ್ರಹದ 12 ಕಾರ್ಡ್ ಕಳಿಸ್ಬೇಕು. ಎಲ್ಲಾ ರಾ ಕಾರ್ಡು, ಅಂದ್ರೆ ಇನ್ನೂ ಗ್ರೇಡ್ ಆಗಿಲ್ಲ. ಬ್ಯಾಸ್ಕೆಟ್‌ಬಾಲ್ ರೂಕಿ (ಆಟಗಾರನ ಮೊದಲ ವರ್ಷದ ಕಾರ್ಡು) 6, ಪೋಕೆಮಾನ್ 4, ಕ್ರಿಕೆಟ್ 2. ಆನ್‌ಲೈನ್ ಫಾರ್ಮ್‌ನಲ್ಲಿ ಪ್ರತಿ ಕಾರ್ಡಿಗೂ ಡಿಕ್ಲೇರ್ಡ್ ವ್ಯಾಲ್ಯೂ ಕೇಳ್ತಾರೆ. ಪೋಸ್ಟಾಫೀಸ್ ಕೌಂಟರ್‌ನಲ್ಲಿ ಇನ್ಶೂರೆನ್ಸ್ ಎಷ್ಟಕ್ಕೆ ಅಂತ ಬೇರೆ ಕೇಳ್ತಾರೆ. ಎರಡಕ್ಕೂ ಒಂದೇ ಅಂಕಿ ಹಾಕ್ಬೇಕಾ?

ಒಂದು ರೂಕಿ ಕಾರ್ಡಿನ ಲೆಕ್ಕ ಹೇಳ್ತೀನಿ: ರಾ ಇದ್ರೆ 180 ಡಾಲರ್, 8 ಬಂದ್ರೆ 240, 9 ಬಂದ್ರೆ 420, 10 ಬಂದ್ರೆ 1,900. ಹನ್ನೆರಡೂ ಕೂಡಿದ್ರೆ ರಾ ಬೆಲೆ 1,450, ಎಲ್ಲಕ್ಕೂ 9 ಬಂದ್ರೆ 3,100, ಎಲ್ಲಕ್ಕೂ 10 ಬಂದ್ರೆ 9,000 ದಾಟುತ್ತೆ. ಇದ್ರಲ್ಲಿ ಯಾವುದನ್ನ ಹಿಡೀಲಿ?

ಮಿಂಟ್9
ಎರಡೂ ಬೇರೆ ಬೇರೆ ಅಂಕಿ. ಒಂದನ್ನ ನೋಡಿ ಇನ್ನೊಂದನ್ನ ಬರೀಬೇಡಿ.

ಅಂಚೆ_ಅಣ್ಣ
ಮಿಂಟ್9 ಹೇಳಿದ್ದು ಸರಿ, ಸ್ವಲ್ಪ ಬಿಡಿಸಿ ಹೇಳ್ತೀನಿ. ಕಾರ್ಡಿಗೆ ಅಪಾಯ ಇರೋದು ಮೂರು ಕಡೆ. ನಿಮ್ಮ ಮನೆಯಿಂದ ಅವರ ಬಾಗಿಲವರೆಗೆ ಹೋಗುವಾಗ, ಅವರ ಕೈಯಲ್ಲಿ ಇರುವಾಗ, ವಾಪಸ್ ಬರುವಾಗ.

ಹೋಗುವಾಗ ಕಳೆದುಹೋಗೋದು ರಾ ಕಾರ್ಡು. 10ನೇ ಗ್ರೇಡಿನ ಕಾರ್ಡು ಅನ್ನೋದು ಆಗ ಹುಟ್ಟೇ ಇಲ್ಲ. ಹಾಗಾಗಿ ಪೋಸ್ಟಿನ ಇನ್ಶೂರೆನ್ಸು ರಾ ಬೆಲೆಗೆ, ಅಂದ್ರೆ ಅದೇ ಸ್ಥಿತಿಯ ಇನ್ನೊಂದು ಕಾರ್ಡ್ ಇವತ್ತು ಕೊಂಡ್ಕೊಳ್ಳೋಕೆ ಎಷ್ಟಾಗುತ್ತೋ ಅಷ್ಟಕ್ಕೆ. ನಿಮ್ಮ ಲೆಕ್ಕದಲ್ಲಿ 1,450.

ಅವರ ಕೈಯಲ್ಲಿ ಇರುವಾಗ ಮತ್ತು ವಾಪಸ್ ಬರುವಾಗ ಲೆಕ್ಕಕ್ಕೆ ಬರೋದು ಡಿಕ್ಲೇರ್ಡ್ ವ್ಯಾಲ್ಯೂ. ಫಾರ್ಮ್ ಕೇಳೋದು ಗ್ರೇಡ್ ಆದಮೇಲೆ ಎಷ್ಟು ಬಾಳುತ್ತೆ ಅನ್ನೋ ನಿಮ್ಮ ಅಂದಾಜನ್ನ. ವಾಪಸ್ ಕಳಿಸೋ ಖರ್ಚು, ಅದರ ಇನ್ಶೂರೆನ್ಸ್ ಎರಡೂ ಈ ಅಂಕಿ ಮೇಲೇ ನಿಲ್ಲುತ್ತೆ. ಅವರ ಹತ್ರ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೊಣೆಯ ಮಿತಿನೂ ಇದೇ.

ಬೇಏರಿಯಾ_ರೂಕಿ
ನಾನು ಒಪ್ಪಲ್ಲ. ಹೋಗುವಾಗಲೂ 10ರ ಬೆಲೆಗೇ ಮಾಡಿಸಿ. 1,450ಕ್ಕೂ 5,000ಕ್ಕೂ ಪ್ರೀಮಿಯಂ ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಕಳೆದುಹೋದ್ರೆ 10 ಬರೋ ಅವಕಾಶಾನೂ ಹೋಯ್ತಲ್ಲ, ಅದಕ್ಕೂ ಬೆಲೆ ಇದೆ.

ಅಂಚೆ_ಅಣ್ಣ
@ಬೇಏರಿಯಾ_ರೂಕಿ ಪ್ರೀಮಿಯಂ ತಗೋತಾರೆ, ಆದ್ರೆ ದುಡ್ಡು ಅಷ್ಟು ಕೊಡಲ್ಲ. ಯುಎಸ್‌ಪಿಎಸ್ (ಅಮೆರಿಕದ ಅಂಚೆ) ಕೊಡೋದು ವಸ್ತುವಿನ ನಿಜವಾದ ಬೆಲೆ, ಅದೂ ನೀವು ದಾಖಲೆ ತೋರಿಸಿದಷ್ಟು. ನೀವು ಬರೆಸಿದ ಮೊತ್ತ ಮೇಲಿನ ಮಿತಿ, ಅಷ್ಟೇ. 180 ಡಾಲರ್ ರಸೀದಿ ಇಟ್ಕೊಂಡು 1,900 ಕೇಳಿದ್ರೆ 180ಕ್ಕೆ ಇಳಿಸ್ತಾರೆ, ಇಲ್ಲಾ ಕ್ಲೇಮನ್ನೇ ವಾಪಸ್ ಕಳಿಸ್ತಾರೆ. "10 ಬರ್ತಿತ್ತು" ಅನ್ನೋದಕ್ಕೆ ಯಾವ ದಾಖಲೆ ಕೊಡ್ತೀರಾ?

ಬೇಏರಿಯಾ_ರೂಕಿ
ಹಾಗಾದ್ರೆ ರಸೀದಿ ಇಲ್ಲದ ಕಾರ್ಡಿಗೆ? ಪ್ಯಾಕ್ ಒಡೆದಾಗ ಸಿಕ್ಕಿದ ಕಾರ್ಡಿಗೆ ಯಾವ ರಸೀದಿ ಇರುತ್ತೆ?

ಹುಬ್ಬಳ್ಳಿ_ಹಾಬಿ
ಅದಕ್ಕ ದಾರಿ ಐತ್ರಿ. ಕಳಿಸೋ ದಿನಾನ ಮೂರರಿಂದ ಐದು ಮಾರಾಟದ ದಾಖಲೆ ತಗದು ಇಟ್ಕೋರಿ. ಅದ ಕಾರ್ಡು, ಅದ ನಂಬರು, ಅದ ಪ್ಯಾರಲಲ್ಲು (ಅದ ಕಾರ್ಡಿನ ಬ್ಯಾರೆ ಬಣ್ಣದ, ಹೊಳಪಿನ ಮುದ್ರಣ), ರಾ ಸ್ಥಿತಿಯೊಳಗ ಮಾರಿದ್ದು ಆಗಿರಬೇಕು. ತಾರೀಖು ಕಾಣಬೇಕು. ಸ್ಕ್ರೀನ್‌ಶಾಟ್ ಅಲ್ಲ, ಪೂರಾ ಪುಟದ ಪಿಡಿಎಫ್ ಮಾಡ್ರಿ. ಅದರ ಜೊತಿ ಅಂಗಡಿಯವರ ಕಡಿಂದ ಲೆಟರ್‌ಹೆಡ್ ಮ್ಯಾಲೆ ಬೆಲೆ ಬರಿಸಿಕೊಂಡ್ರ ಕ್ಲೇಮಿಗೆ ಬಲ ಬರ್ತದ. ಕಾರ್ಡ್ ಶೋನ್ಯಾಗ ನಗದು ಕೊಟ್ಟು ತಗೊಂಡಿದ್ರ ಮಾರಿದವರ ಕೈಲೆ ಅಲ್ಲೇ ಚೀಟಿ ಬರಿಸಿಕೊಳ್ರಿ: ಕಾರ್ಡಿನ ಹೆಸರು, ವರ್ಷ, ನಂಬರ್, ಬೆಲೆ, ತಾರೀಖು, ಸಹಿ.

ಇನ್ನೊಂದು, ಕಾರ್ಡಿನ ಎರಡೂ ಬದಿ 600 ಡಿಪಿಐ ಸ್ಕ್ಯಾನ್ ಮಾಡ್ರಿ. ಮೂಲಿ ಮುದುಡಿ ಬಂದ್ರ ಮೊದಲ ಹೆಂಗಿತ್ತು ಅಂತ ತೋರ್ಸಾಕ ಬೇರೆ ಏನೂ ಇರೂದಿಲ್ಲ.

ಡಲ್ಲಾಸ್_ಅಕ್ಕ
ಮಾರಾಟದ ದಾಖಲೆ ಹುಡುಕುವಾಗ ಒಂದು ಎಚ್ಚರಿಕೆ. ಇಬೇಯಲ್ಲಿ ಮಾರಾಟಕ್ಕೆ ಇಟ್ಟ ಬೆಲೆ ಲೆಕ್ಕಕ್ಕಿಲ್ಲ, "ಸೋಲ್ಡ್" ಅಂತ ಇರೋದು ಮಾತ್ರ. ಅದರಲ್ಲೂ "ಬೆಸ್ಟ್ ಆಫರ್" ಒಪ್ಪಿಕೊಂಡ ಕಡೆ ಅಡ್ಡಗೆರೆ ಎಳೆದ ಬೆಲೆ ಕಾಣುತ್ತೆ, ನಿಜವಾಗಿ ಹೋಗಿರೋದು ಅದಕ್ಕಿಂತ ಕಡಿಮೆಗೆ. ಆ ಬೆಲೆ 130ಪಾಯಿಂಟ್ ಸೈಟಲ್ಲಿ ಸಿಗುತ್ತೆ. ಇಬೇಯ ಮಾಮೂಲಿ ಸೋಲ್ಡ್ ಪಟ್ಟಿ ಸುಮಾರು 90 ದಿನದ್ದು ಮಾತ್ರ. ಅದಕ್ಕಿಂತ ಹಿಂದಿನದು ಬೇಕಿದ್ರೆ ಮಾರಾಟಗಾರರ ಖಾತೆಯಲ್ಲಿ ಟೆರಾಪೀಕ್ (ಹಳೇ ಮಾರಾಟ ಹುಡುಕೋ ಇಬೇಯದೇ ಸಾಧನ) ನೋಡಿ. ಗ್ರೇಡ್ ಆದ ಕಾರ್ಡಿಗೆ ಪಿಎಸ್‌ಎಯದೇ ಹರಾಜು ಬೆಲೆಗಳ ಪುಟ ಇದೆ.

ಹಳೇ ಬೆಲೆ ಹಿಡಿದು ಕೂರಬೇಡಿ. 1986-87ರ ಫ್ಲೀರ್ ಸೆಟ್ಟಿನ 57ನೇ ನಂಬರ್ ಮೈಕೆಲ್ ಜೋರ್ಡನ್ ಕಾರ್ಡ್ ಪಿಎಸ್‌ಎ 10 ಗ್ರೇಡಿನಲ್ಲಿ 2021ರ ಜನವರಿಯಲ್ಲಿ 7,38,000 ಡಾಲರ್‌ಗೆ ಹೋಯ್ತು, ಅದೂ ಎರಡು ಪ್ರತಿ. ಅದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಂತು. ಜನವರಿ ದಾಖಲೆ ಹಿಡಿದು ಡಿಸೆಂಬರ್‌ನಲ್ಲಿ ಯಾರೂ ಕ್ಲೇಮ್ ಕೊಡಲ್ಲ.

ಕರಾವಳಿ_ಪೋಕೆ
ಇದೆಲ್ಲ ಸರಿ ಮಾರಾಯ್ರೇ, ಕ್ರಿಕೆಟ್ ಕಾರ್ಡಿಗೆ ಏನು ಮಾಡೋದು? ಟಾಪ್ಸ್ ಕ್ರಿಕೆಟ್ ಅಟ್ಯಾಕ್ಸ್ ತರದ್ದು ವರ್ಷಕ್ಕೆ ಒಂದೆರಡು ಮಾರಾಟ ಕಾಣ್ತದೆ, ಅದೂ ಸಿಕ್ಕಿದ್ರೆ.

ಡಲ್ಲಾಸ್_ಅಕ್ಕ
@ಕರಾವಳಿ_ಪೋಕೆ ಇರೋ ಒಂದೆರಡನ್ನೇ ತಾರೀಖು ಸಮೇತ ಇಡಿ, ಜೊತೆಗೆ ಅದೇ ಸೆಟ್ಟಿನ ಸಮಾನ ಆಟಗಾರರ ಮಾರಾಟ ಎರಡು ಸೇರಿಸಿ. ಇಂಡಿಯಾದ ಫೇಸ್‌ಬುಕ್ ಗುಂಪಲ್ಲಿ ಕೊಂಡಿದ್ರೆ ಮಾತುಕತೆಯ ಪ್ರತಿ ಮತ್ತು ಯುಪಿಐ ಪಾವತಿಯ ವಿವರ ಎರಡೂ ಇಟ್ಕೊಳ್ಳಿ. ಒಂದೇ ಇದ್ರೆ ಸಾಲದು: ಪಾವತಿಯಲ್ಲಿ ಕಾರ್ಡಿನ ಹೆಸರು ಇರಲ್ಲ, ಮಾತುಕತೆಯಲ್ಲಿ ದುಡ್ಡು ಹೋಗಿದ್ದಕ್ಕೆ ಸಾಕ್ಷಿ ಇರಲ್ಲ.

ಸ್ಲ್ಯಾಬ್_ರಾಯ
ಡಿಕ್ಲೇರ್ಡ್ ವ್ಯಾಲ್ಯೂಗೆ ಬರೋಣ, ತಲೆನೋವು ಇರೋದು ಅಲ್ಲೇ. ಪಾಪ್ ರಿಪೋರ್ಟ್ (ಒಂದು ಕಾರ್ಡಿಗೆ ಯಾವ ಗ್ರೇಡ್ ಎಷ್ಟು ಸಲ ಬಂದಿದೆ ಅನ್ನೋ ಕಂಪನಿಯ ಪಟ್ಟಿ) ನೋಡಿ ಸರಾಸರಿ ತೆಗೀರಿ. ಆ ರೂಕಿ ಕಾರ್ಡು 10 ಬರೋ ಸಾಧ್ಯತೆ 45%, 9 ಬರೋದು 40%, 8 ಬರೋದು 15% ಅಂತ ಇಟ್ಕೊಳ್ಳಿ. 1,900ರಲ್ಲಿ 45% ಅಂದ್ರೆ 855, 420ರಲ್ಲಿ 40% ಅಂದ್ರೆ 168, 240ರಲ್ಲಿ 15% ಅಂದ್ರೆ 36. ಕೂಡಿದ್ರೆ 1,059. ಅದನ್ನೇ ಬರೀರಿ.

ಮಿಂಟ್9
@ಸ್ಲ್ಯಾಬ್_ರಾಯ ಆ ಲೆಕ್ಕ ಕಳಿಸ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋಕೆ ಒಳ್ಳೇದು. ಇನ್ಶೂರೆನ್ಸಿಗೆ ಆಗಲ್ಲ. ಯಾವ ಕಾರ್ಡೂ 1,059 ಡಾಲರ್ ಕಾರ್ಡಾಗಿ ವಾಪಸ್ ಬರಲ್ಲ. ಬಂದ್ರೆ 420, ಇಲ್ಲಾ 1,900. 420ರದ್ದು ಬಂದ್ರೆ ಸುಮ್ಮನೆ ದುಬಾರಿ ಹಂತದಲ್ಲಿ (ಕಾರ್ಡಿನ ಬೆಲೆ ಹೆಚ್ಚಿದ್ರೆ ಫೀಸೂ ಹೆಚ್ಚಿರೋ ಸೇವೆ) ಕಳಿಸಿರ್ತೀರಿ, 1,900ರದ್ದು ಬಂದ್ರೆ ಅರ್ಧಕ್ಕೆ ಮಾತ್ರ ರಕ್ಷಣೆ.

ಇನ್ನೊಂದು ತಪ್ಪು, ಪಾಪ್ ರಿಪೋರ್ಟಿನ ಶೇಕಡಾವಾರು ನಿಮ್ಮ ಕೈಲಿರೋ ಕಾರ್ಡಿನ ಸಾಧ್ಯತೆ ಅಲ್ಲ. ಜನ ಚೆನ್ನಾಗಿರೋದನ್ನ ಆರಿಸಿ ಕಳಿಸಿರ್ತಾರೆ, ಕೆಟ್ಟದ್ದು ಮನೆಯಲ್ಲೇ ಉಳಿದಿರುತ್ತೆ.

ಅದರ ಬದಲು ಕಾರ್ಡನ್ನೇ ನೋಡಿ ನಿರ್ಧಾರ ಮಾಡಿ. ಮೊದಲು ಸೆಂಟರಿಂಗ್ ಅಳೀರಿ, ಅಂದ್ರೆ ಚಿತ್ರ ನಡುವೆ ಕೂತಿದೆಯಾ ಅಂತ ಎದುರುಬದುರು ಅಂಚುಗಳ ಅನುಪಾತ. ಪಿಎಸ್‌ಎ 10ಕ್ಕೆ ಮುಂಭಾಗ ಸುಮಾರು 55/45, ಹಿಂಭಾಗ 75/25ರ ಒಳಗೆ ಇರಬೇಕು. ಎಡ ಅಂಚು 2 ಮಿಲಿಮೀಟರ್, ಬಲ ಅಂಚು 3 ಮಿಲಿಮೀಟರ್ ಇದ್ರೆ ಅದು 60/40, 10ರ ಆಸೆ ಬಿಡಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಟಾರ್ಚ್ ಓರೆಯಾಗಿ ಹಿಡಿದು ಮೇಲ್ಮೈ ನೋಡಿ. ಕ್ರೋಮ್ ಕಾರ್ಡಲ್ಲಿ ಪ್ರಿಂಟ್ ಗೆರೆ, ಪೋಕೆಮಾನ್ ಹೋಲೋದಲ್ಲಿ ಗೀರು ಹಾಗೆ ಹಿಡಿದಾಗ ಮಾತ್ರ ಕಾಣೋದು. 10x ಲೂಪಲ್ಲಿ (ಸಣ್ಣ ಭೂತಗನ್ನಡಿ) ನಾಲ್ಕು ಮೂಲೆ, ಹಿಂಭಾಗದ ಅಂಚಿನ ಬಿಳಿ ಚುಕ್ಕೆ ನೋಡಿ. ಇಷ್ಟೂ ನೋಡಿದಮೇಲೆ 9 ಅನ್ನಿಸಿದ್ರೆ 9ರ ಬೆಲೆ ಬರೀರಿ, ಏನೂ ಕೊರತೆ ಕಾಣದಿದ್ರೆ 10ರ ಬೆಲೆ ಬರೀರಿ.

ಸ್ಲ್ಯಾಬ್_ರಾಯ
ಏನೂ ಕೊರತೆ ಕಾಣದ ಕಾರ್ಡಿಗೆ 1,900 ಬರೆದ್ರೆ ಮೇಲಿನ ಹಂತಕ್ಕೆ ಹೋಗುತ್ತೆ, ಫೀಸು ಎಷ್ಟೋ ಪಟ್ಟು. 9 ಬಂದ್ರೆ ಆ ಫೀಸ್ ವಾಪಸ್ ಬರಲ್ಲ. ಅದಕ್ಕೇ ಎಲ್ಲರೂ 500ರ ಮಿತಿಯ ಹಂತಕ್ಕೆ ಹೊಂದೋ ಹಾಗೆ ಬರೆಯೋದು.

ಅಂಚೆ_ಅಣ್ಣ
ಹಂತಗಳ ವಿಷಯ ಗೊತ್ತಿಲ್ಲದವರಿಗೆ: ಪ್ರತಿ ಹಂತಕ್ಕೂ ಒಂದು ಕಾರ್ಡಿನ ಬೆಲೆ ಇಷ್ಟು ದಾಟಬಾರದು ಅಂತ ಮಿತಿ ಇದೆ. ಗ್ರೇಡ್ ಬಂದಮೇಲೆ ಮಾರುಕಟ್ಟೆ ಬೆಲೆ ಆ ಮಿತಿ ದಾಟಿದ್ರೆ ಮೇಲಿನ ಹಂತದ ಫೀಸ್ ಹಾಕ್ತಾರೆ, ಅದೇ ಅಪ್‌ಚಾರ್ಜ್. ಮಿತಿ, ಫೀಸ್ ಎರಡೂ ಆಗಾಗ ಬದಲಾಗ್ತವೆ. ಕಳಿಸೋ ದಿನ ಸೈಟಲ್ಲಿ ನೋಡಿ, ಇಲ್ಲಿನ ಹಳೇ ಪೋಸ್ಟ್ ನಂಬಬೇಡಿ.

@ಸ್ಲ್ಯಾಬ್_ರಾಯ ಅಪ್‌ಚಾರ್ಜ್ ಬೀಳೋದು ಕಾರ್ಡ್ ಸುರಕ್ಷಿತವಾಗಿ ಗ್ರೇಡ್ ಆದಾಗ. ಅದಕ್ಕೆ ಮೊದಲು ಅವರ ಹತ್ರ ಹಾಳಾದ್ರೆ ಲೆಕ್ಕಕ್ಕೆ ಬರೋದು ನೀವೇ ಬರೆದ 420. ಫೀಸ್ ಉಳಿಸೋಕೆ ಕಡಿಮೆ ಬರೆದವರು ಆಮೇಲೆ ಹೆಚ್ಚು ಕೇಳೋ ಹಾಗಿಲ್ಲ. ಹಾಗಾಗಿ ಯಾವ ಕಾರಣಕ್ಕೂ ರಾ ಬೆಲೆಗಿಂತ ಕೆಳಗೆ ಬರೀಬೇಡಿ. 700 ಡಾಲರ್ ಕೊಟ್ಟು ಕೊಂಡ ರಾ ಕಾರ್ಡನ್ನ 499 ಅಂತ ಬರೆಯೋರು ಇದ್ದಾರೆ, ಅವರು ಮನೆ ಬಿಡೋ ಮುಂಚೆನೇ 201 ಡಾಲರ್ ಕಳ್ಕೊಂಡಿರ್ತಾರೆ.

ಬೇಏರಿಯಾ_ರೂಕಿ
ಇದು ಒಪ್ಪುವ ಮಾತು. ರಾ ಬೆಲೆ ಅಡಿಮಟ್ಟ, ಅದರ ಮೇಲೆ ನಂಬಿದ ಗ್ರೇಡಿನ ಬೆಲೆ.

ಟ್ಯಾಂಪಾ_ಕನ್ನಡಿಗ
ಪಿಎಸ್‌ಎಗೇ ಯಾಕೆ? ಫ್ಲೋರಿಡಾದ ಸಾರಸೋಟಾದಲ್ಲಿ ಸಿಜಿಸಿ ಅನ್ನೋ ಇನ್ನೊಂದು ಗ್ರೇಡಿಂಗ್ ಕಂಪನಿ ಇದೆ, ಪೋಕೆಮಾನ್‌ಗೆ ಅದೇ ಸಾಕು.

ಕರಾವಳಿ_ಪೋಕೆ
ಮಾರಾಟದ ಬೆಲೆಯಲ್ಲಿ ಪಿಎಸ್‌ಎ 10ಕ್ಕೂ ಸಿಜಿಸಿ 10ಕ್ಕೂ ವ್ಯತ್ಯಾಸ ಉಂಟು. ಹಾಗಾಗಿ ಡಿಕ್ಲೇರ್ಡ್ ವ್ಯಾಲ್ಯೂನೂ ಬದಲಾಗ್ತದೆ. ಯಾವ ಕಂಪನಿಗೆ ಕಳಿಸ್ತೀರೋ ಅದೇ ಕಂಪನಿಯ ಸ್ಲ್ಯಾಬಿನ ಮಾರಾಟ ನೋಡಿ ಬರೀಬೇಕು.

ನಿರ್ವಾಹಕ
ಯಾವ ಕಂಪನಿ ಒಳ್ಳೇದು ಅನ್ನೋ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಬೆಲೆ, ಇನ್ಶೂರೆನ್ಸ್ ಮಾತ್ರ ಮಾತಾಡಿ.

ಎಡಿಸನ್_ಕಲೆಕ್ಟರ್
ಯುಎಸ್‌ಪಿಎಸ್ ಬಿಟ್ಟು ಫೆಡೆಕ್ಸಲ್ಲಿ ಕಳಿಸಿದ್ರೆ? ಅಲ್ಲೂ ಡಿಕ್ಲೇರ್ಡ್ ವ್ಯಾಲ್ಯೂ ಅಂತ ಖಾನೆ ಇದೆ, 1,450 ಬರೆದ್ರೆ ಆಯ್ತಲ್ಲ?

ಡಲ್ಲಾಸ್_ಅಕ್ಕ
ಬೇಡ. ಫೆಡೆಕ್ಸ್, ಯುಪಿಎಸ್ ಎರಡರಲ್ಲೂ ಆ ಖಾನೆ ಇನ್ಶೂರೆನ್ಸ್ ಅಲ್ಲ, ಅವರ ಹೊಣೆಯ ಮಿತಿ ಮಾತ್ರ. ಏನೂ ಬರೀದೆ ಬಿಟ್ರೆ 100 ಡಾಲರ್. ಫೆಡೆಕ್ಸ್ ನಿಯಮದಲ್ಲಿ ಸ್ಪೋರ್ಟ್ಸ್ ಕಾರ್ಡ್ ತರದ ಸಂಗ್ರಹ ವಸ್ತುಗಳಿಗೆ 1,000 ಡಾಲರ್ ಅಂತ ಮೇಲ್ಮಿತಿ ಇದೆ. 5,000 ಬರೆದು ಅದಕ್ಕೆ ದುಡ್ಡು ಕಟ್ಟಿದ್ರೂ 1,000 ದಾಟಲ್ಲ. ಗ್ರೇಡಿಂಗ್ ಕಂಪನಿಗಳೂ ಫೆಡೆಕ್ಸಲ್ಲೇ ವಾಪಸ್ ಕಳಿಸ್ತಾವಲ್ಲ ಅಂತ ಕೇಳ್ಬಹುದು. ದೊಡ್ಡ ಕಂಪನಿಗಳು ಕೊರಿಯರ್‌ನ ಆ ಖಾನೆ ನೆಚ್ಚಿಕೊಂಡಿರಲ್ಲ, ಪ್ರತ್ಯೇಕ ಸಾಗಣೆ ವಿಮೆ ಇಟ್ಕೊಂಡಿರ್ತವೆ.

ಅಂಚೆ_ಅಣ್ಣ
ಯುಎಸ್‌ಪಿಎಸ್ ಲೆಕ್ಕ ಹೀಗಿದೆ. ಗ್ರೌಂಡ್ ಅಡ್ವಾಂಟೇಜ್, ಪ್ರಯಾರಿಟಿ ಮೇಲ್ ಎರಡರಲ್ಲೂ 100 ಡಾಲರ್ ಸೇರಿಕೊಂಡೇ ಇರುತ್ತೆ. ಅದರ ಮೇಲೆ ದುಡ್ಡು ಕಟ್ಟಿ 5,000ದವರೆಗೆ ಮಾಡಿಸ್ಬಹುದು. 500 ದಾಟಿದ್ರೆ ತಲುಪಿದ ಕಡೆ ಸಹಿ ತಗೊಂಡೇ ಕೊಡ್ತಾರೆ. 5,000 ದಾಟೋ ಸರಕಿಗೆ ರಿಜಿಸ್ಟರ್ಡ್ ಮೇಲ್, ಅದು 50,000ದವರೆಗೆ. ನಿಧಾನ, ಆದ್ರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗೆಲ್ಲ ಸಹಿ, ಉಳಿದ ಹೊತ್ತು ಬೀಗದಲ್ಲಿ.

ರಿಜಿಸ್ಟರ್ಡ್ ಮಾಡೋರು ಕೌಂಟರಿಂದ ವಾಪಸ್ ಬರೋದು ಟೇಪಿನ ಕಾರಣಕ್ಕೆ. ಪ್ಲಾಸ್ಟಿಕ್ ಟೇಪ್ ಹೊರಗೆ ಎಲ್ಲೂ ಕಾಣಬಾರದು. ನೀರು ಹಚ್ಚಿ ಅಂಟಿಸೋ ಕಂದು ಕಾಗದದ ಟೇಪನ್ನ ಎಲ್ಲ ಜೋಡಣೆ ಮೇಲೂ ಹಾಕಿ. ಅದರ ಮೇಲೆ ಅಡ್ಡಡ್ಡ ಮೊಹರು ಒತ್ತುತ್ತಾರೆ, ಯಾರಾದ್ರೂ ಬಿಚ್ಚಿದ್ರೆ ಮೊಹರು ಮುರಿದಿದ್ದು ಗೊತ್ತಾಗ್ಲಿ ಅಂತ. ನಯವಾದ ಮೇಲ್ಮೈ ಮೇಲೆ ಮೊಹರಿನ ಮಸಿ ಹಿಡಿಯಲ್ಲ, ಹಾಗಾಗಿ ಹೊಳೆಯೋ ಡಬ್ಬಿ ಇದ್ರೆ ಕಂದು ಕಾಗದ ಸುತ್ತಿ. ಪ್ಲಾಸ್ಟಿಕ್ ಲಕೋಟೆ ನಡೆಯಲ್ಲ. ರಸ್ತೆಬದಿ ಪೆಟ್ಟಿಗೆಗೆ ಹಾಕೋ ಹಾಗೂ ಇಲ್ಲ, ಕೌಂಟರಲ್ಲೇ ಕೊಡ್ಬೇಕು.

ಸ್ಲ್ಯಾಬ್_ರಾಯ
5,000 ದಾಟಿದ್ರೆ ಎರಡು ಪಾರ್ಸೆಲ್ ಮಾಡಿ ಎರಡು ಬೇರೆ ದಿನ ಕಳಿಸಿದ್ರೂ ಆಯ್ತು. ಆಗ ಗ್ರೇಡಿಂಗ್ ಕಂಪನಿಯ ಫಾರ್ಮ್ ಎರಡು ಸಲ ತುಂಬಿ ಎರಡು ಪ್ರತ್ಯೇಕ ಸಬ್ಮಿಷನ್ ಮಾಡಿ. ಒಂದೇ ಸಬ್ಮಿಷನ್ನಿನ ಕಾರ್ಡುಗಳನ್ನ ಎರಡು ಡಬ್ಬಿಗೆ ಹಂಚಿದ್ರೆ ಎಣಿಕೆ ತಾಳೆ ಆಗಲ್ಲ.

ಹುಬ್ಬಳ್ಳಿ_ಹಾಬಿ
ಪ್ಯಾಕಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ. ಪ್ಯಾಕಿಂಗ್ ಸರಿ ಇರಲಿಲ್ಲ ಅಂತ ಹೇಳಿ ಕ್ಲೇಮ್ ತಳ್ಳಿಹಾಕ್ತಾರ, ಅದಕ್ಕ ಹೇಳ್ತೀನಿ. ಪೆನ್ನಿ ಸ್ಲೀವು (ತೆಳು ಪ್ಲಾಸ್ಟಿಕ್ ಚೀಲ), ಅದರ ಮ್ಯಾಲೆ ಕಾರ್ಡ್ ಸೇವರ್ 1 ತರದ ಮೆತ್ತನ ಹೋಲ್ಡರು. ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಹೋಲ್ಡರ್) ಬ್ಯಾಡ್ರಿ, ತಗಿಯುವಾಗ ಮೂಲಿಗೆ ಪೆಟ್ಟಾಗ್ತದ. ಸ್ಲೀವಿಗೆ ಸಣ್ಣ ಸ್ಟಿಕ್ಕಿ ಚೀಟಿ ಬಾಲದಂಗ ಹಚ್ರಿ, ಎಳದು ತಗಿಯಾಕ. ಕಾರ್ಡುಗಳನ್ನ ಫಾರ್ಮಿನ ಕ್ರಮದಾಗ ಜೋಡಿಸಿ, ಅವಕ್ಕಿಂತ ದೊಡ್ಡ ಎರಡು ರಟ್ಟಿನ ನಡುವ ಇಟ್ಟು, ರಬ್ಬರ್ ಬ್ಯಾಂಡ್ ಎರಡು ಸಡಿಲಾಗಿ. ಬಿಗಿ ಮಾಡಿದ್ರ ಹೋಲ್ಡರ್ ಬಿಲ್ಲಿನಂಗ ಬಾಗತಾವ. ಬಬಲ್ ರ‍್ಯಾಪ್ ಸುತ್ತಿ ಡಬ್ಬಿಗೆ ಇಡ್ರಿ, ಅಲ್ಲಾಡಿಸಿದ್ರ ಸಪ್ಪಳ ಬರಬಾರದು.

ಹೊರಗ ಕಾರ್ಡು, ಪೋಕೆಮಾನ್ ಅಂತೆಲ್ಲ ಬರೀಬ್ಯಾಡ್ರಿ.

ಮಿಂಟ್9
ದಪ್ಪ ಜೆರ್ಸಿ ತುಂಡಿನ ಕಾರ್ಡು ಮಾಮೂಲಿ ಕಾರ್ಡ್ ಸೇವರಿಗೆ ತುರುಕಬೇಡಿ. ಅದಕ್ಕೆ ದಪ್ಪದ ಹೋಲ್ಡರೇ ಬೇಕು.

ಜಯನಗರ_4ನೇಬ್ಲಾಕ್
ಬೆಂಗಳೂರಿಂದ ನೇರವಾಗಿ ಅಮೆರಿಕಕ್ಕೆ ಕಳಿಸೋರಿಗೆ ಇದೇ ಲೆಕ್ಕನಾ? ಕಸ್ಟಮ್ಸಿಗೆ ಕಡಿಮೆ ಬೆಲೆ ತೋರಿಸಿ, ಇನ್ಶೂರೆನ್ಸ್ ಮಾತ್ರ ಪೂರ್ತಿ ಮಾಡಿಸಿ ಅಂತ ಕೆಲವರು ಸಲಹೆ ಕೊಡ್ತಾರೆ.

ಅಂಚೆ_ಅಣ್ಣ
@ಜಯನಗರ_4ನೇಬ್ಲಾಕ್ ದಯವಿಟ್ಟು ಹಾಗೆ ಮಾಡಬೇಡಿ. ಮೊದಲನೇದಾಗಿ ಕಾನೂನು ಪ್ರಕಾರ ತಪ್ಪು. ಎರಡನೇದಾಗಿ, ಕ್ಲೇಮ್ ಬಂದಾಗ ಅವರು ಮೊದಲು ತೆಗೆಯೋದೇ ಕಸ್ಟಮ್ಸ್ ಘೋಷಣೆ. ಅಲ್ಲಿ 20 ಡಾಲರ್ ಅಂತ ನೀವೇ ಸಹಿ ಹಾಕಿದ್ರೆ 20ರ ಮೇಲೆ ಮಾತೇ ಇಲ್ಲ. ಎರಡೂ ಕಡೆ ನಿಜವಾದ ರಾ ಬೆಲೆ, ಒಂದೇ ಅಂಕಿ.

ಅಮೆರಿಕಕ್ಕೆ 800 ಡಾಲರ್ ಒಳಗಿನ ಸರಕಿಗೆ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ರಿಂದ ನಿಂತಿದೆ. ಬುಕ್ ಮಾಡೋ ಮುಂಚೆ ಸುಂಕ ಯಾರು ಕಟ್ಟಬೇಕು ಅಂತ ಕೇಳಿ. ಅಲ್ಲಿ ತಗೊಳ್ಳೋರು ಕಟ್ಟಬೇಕು ಅಂತಾದ್ರೆ ಗ್ರೇಡಿಂಗ್ ಕಂಪನಿ ಪಾರ್ಸೆಲ್ ಬಿಡಿಸಿಕೊಳ್ಳದೇ ಇರಬಹುದು.

ಡಲ್ಲಾಸ್_ಅಕ್ಕ
ಇಂಡಿಯಾಗೆ ವಾಪಸ್ ಬರುವಾಗ ಇನ್ನೊಂದು ಸುತ್ತು. ಹೋಗಿದ್ದ ವಸ್ತುವೇ ತಿರುಗಿ ಬಂತು ಅಂತ ಸಾಬೀತು ಮಾಡಿದ್ರೆ ಮರು ಆಮದಿಗೆ ಕಸ್ಟಮ್ಸ್ ಸುಂಕ ವಿನಾಯಿತಿ ಇದೆ. ಆದ್ರೆ ಗುರುತು ಹೊಂದಿಸೋದೇ ಕಷ್ಟ. ಹೋಗುವಾಗ ಬರೀ ಕಾರ್ಡು, ಬರುವಾಗ ಸೀಲ್ ಆದ ಸ್ಲ್ಯಾಬು, ಮೇಲೆ ಹೊಸ ಸರ್ಟಿಫಿಕೇಟ್ ನಂಬರು. ಹೋಗುವಾಗಿನ ದಾಖಲೆಯಲ್ಲಿ "ಗ್ರೇಡಿಂಗಿಗೆ, ವಾಪಸ್ ಬರಲಿದೆ" ಅಂತ ಬರೆಸಿ, ಪ್ರತಿ ಕಾರ್ಡಿನ ವರ್ಷ, ಸೆಟ್, ನಂಬರ್ ನಮೂದಿಸಿ, ಫೋಟೋ ಲಗತ್ತಿಸಿ. 23/99 ತರ ಕ್ರಮಸಂಖ್ಯೆ ಮುದ್ರಿಸಿರೋ ಕಾರ್ಡಿಗೆ ಅದನ್ನ ತಪ್ಪದೆ ಬರೀರಿ, ಗುರುತಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ.

ಜಯನಗರ_4ನೇಬ್ಲಾಕ್
ಅದಕ್ಕೇ ಇಲ್ಲಿ ಬಹಳ ಜನ ಗ್ರೂಪ್ ಸಬ್ಮಿಷನ್ ಮಾಡೋರಿಗೆ, ಅಂದ್ರೆ ಹಲವರ ಕಾರ್ಡ್ ಒಟ್ಟುಮಾಡಿ ತಮ್ಮ ಹೆಸರಲ್ಲಿ ಕಳಿಸೋರಿಗೆ, ಕೊಡ್ತಾರೆ.

ಮಿಂಟ್9
ಕೊಡಿ, ಆದ್ರೆ ಕೊಡೋ ಮುಂಚೆ ನಾಲ್ಕು ವಿಷಯ ಬರಹದಲ್ಲಿ ತಗೊಳ್ಳಿ. ಪಾಲಿಸಿ ಯಾರ ಹೆಸರಲ್ಲಿದೆ. ಒಂದು ಪಾರ್ಸೆಲ್ಲಿಗೆ ಮಿತಿ ಎಷ್ಟು. ನಿಮ್ಮ ಕಾರ್ಡಿಗೆ ಅವರು ಹಾಕೋ ಡಿಕ್ಲೇರ್ಡ್ ವ್ಯಾಲ್ಯೂ ಎಷ್ಟು. ಕ್ಲೇಮ್ ದುಡ್ಡು ಕಡಿಮೆ ಬಂದ್ರೆ ಹಂಚಿಕೆ ಹೇಗೆ. ಪಾರ್ಸೆಲಲ್ಲಿ 200 ಕಾರ್ಡ್ ಇದ್ದು ಒಟ್ಟು 20,000 ಬಾಳುವಾಗ ಇನ್ಶೂರೆನ್ಸ್ 5,000ಕ್ಕೆ ಇದ್ರೆ, ನಿಮ್ಮ 400 ಡಾಲರ್ ಕಾರ್ಡಿಗೆ ಬರೋದು 100. ಗ್ರೇಡಿಂಗ್ ಕಂಪನಿಯ ದಾಖಲೆಯಲ್ಲಿ ಗ್ರಾಹಕರು ಅವರೇ, ನೀವಲ್ಲ. ಕಂಪನಿಗೆ ನೀವು ನೇರವಾಗಿ ಏನೂ ಕೇಳೋ ಹಾಗಿಲ್ಲ.

ಕರಾವಳಿ_ಪೋಕೆ
ವರ್ಷಕ್ಕೆ ನಾಲ್ಕೈದು ಸಲ ಕಳಿಸೋರು ಸಂಗ್ರಹಕ್ಕೇ ಪ್ರತ್ಯೇಕ ಪಾಲಿಸಿ ಮಾಡಿಸೋದು ಒಳ್ಳೇದು. ಮನೆ ಇನ್ಶೂರೆನ್ಸಲ್ಲಿ ಸಂಗ್ರಹ ವಸ್ತುಗಳಿಗೆ ಮಿತಿ ಬಹಳ ಕಮ್ಮಿ ಇರ್ತದೆ. ಪಾಲಿಸಿ ತಗೊಳ್ಳುವಾಗ ಮೂರು ಸಂಗತಿ ಓದಿ: ಅಂಚೆಯಲ್ಲಿ ಹೋಗುವಾಗ ಒಂದು ಪಾರ್ಸೆಲ್ಲಿಗೆ ಮಿತಿ ಎಷ್ಟು, ಯಾವ ಸೇವೆಯಲ್ಲಿ ಕಳಿಸಿದ್ರೆ ಮಾತ್ರ ಅನ್ವಯ, ಬೇರೆಯವರ ವಶದಲ್ಲಿ ಇರುವಾಗ ಅನ್ವಯ ಆಗ್ತದಾ.

ಅಂಚೆ_ಅಣ್ಣ
ಕೊನೇ ಸಂಗತಿ ಮುಖ್ಯ. ಟ್ರ್ಯಾಕಿಂಗಲ್ಲಿ "ತಲುಪಿದೆ" ಅಂತ ಬಂದ ಕ್ಷಣ ಅಂಚೆಯ ಹೊಣೆ ಮುಗೀತು. ಗ್ರೇಡಿಂಗ್ ಕಂಪನಿ ಡಬ್ಬಿ ಬಿಚ್ಚಿ ಎಣಿಸಿ ನಿಮ್ಮ ಖಾತೆಯಲ್ಲಿ ತೋರಿಸೋಕೆ ದಿನಗಳು, ಕೆಲವೊಮ್ಮೆ ವಾರಗಳು ಹಿಡಿಯುತ್ತೆ. ಆ ನಡುವಿನ ಹೊತ್ತಲ್ಲಿ ಡಬ್ಬಿಯೊಳಗೆ ಏನಿತ್ತು ಅನ್ನೋದಕ್ಕೆ ನಿಮ್ಮ ಹತ್ರ ಇರೋ ಸಾಕ್ಷಿ ಬಿಟ್ರೆ ಬೇರೆ ಇಲ್ಲ. ಅದಕ್ಕೇ ಕಾರ್ಡು ಎಣಿಸೋದ್ರಿಂದ ಹಿಡಿದು ಡಬ್ಬಿಗೆ ಟೇಪ್ ಹಾಕಿ ಲೇಬಲ್ ಅಂಟಿಸೋವರೆಗೆ ಎಲ್ಲೂ ಕತ್ತರಿಸದ ಒಂದೇ ವಿಡಿಯೋ ಮಾಡಿ. ತೂಕದ ಯಂತ್ರದ ಮೇಲೆ ಇಟ್ಟು ತೂಕವೂ ಕಾಣಿಸಲಿ, ಕೌಂಟರಿನ ರಸೀದಿಯಲ್ಲೂ ಅದೇ ತೂಕ ಬಂದಿರುತ್ತೆ.

ಎಡಿಸನ್_ಕಲೆಕ್ಟರ್
ಎಲ್ಲರಿಗೂ ಧನ್ಯವಾದ. ಹೀಗೆ ಮಾಡ್ತೀನಿ: ಹೋಗುವಾಗ ಪ್ರಯಾರಿಟಿ ಮೇಲ್, 1,450ಕ್ಕೆ ಇನ್ಶೂರೆನ್ಸ್. ಆ ರೂಕಿ ಕಾರ್ಡಿನ ಸೆಂಟರಿಂಗ್ ಅಳೆದೆ, 60/40 ಇದೆ, ಹಾಗಾಗಿ 420. ಪೋಕೆಮಾನಲ್ಲಿ ಒಂದಕ್ಕೆ ಮಾತ್ರ ಏನೂ ಕೊರತೆ ಕಾಣ್ತಿಲ್ಲ, ಅದಕ್ಕೆ 10ರ ಬೆಲೆ ಬರೆದು ಮೇಲಿನ ಹಂತದಲ್ಲಿ ಬೇರೆ ಸಬ್ಮಿಷನ್. ಎರಡೂ ಸಬ್ಮಿಷನ್ ಒಂದೇ ಡಬ್ಬಿಯಲ್ಲಿ ಹಾಕಬಹುದಾ?

ಸ್ಲ್ಯಾಬ್_ರಾಯ
ಹಾಕಬಹುದು. ಎರಡನ್ನೂ ಬೇರೆ ಬೇರೆ ಕಟ್ಟಿ, ಪ್ರತಿ ಕಟ್ಟಿನ ಜೊತೆ ಅದರದ್ದೇ ಪ್ಯಾಕಿಂಗ್ ಚೀಟಿ ಇಡಿ. ಇನ್ಶೂರೆನ್ಸ್ ಮೊತ್ತ ಡಬ್ಬಿಗೆ ಒಂದೇ, ಎರಡರ ರಾ ಬೆಲೆ ಕೂಡಿಸಿ.

ಹುಬ್ಬಳ್ಳಿ_ಹಾಬಿ
ಕೌಂಟರಿನ ರಸೀದಿ ಕಾಯ್ದಿಟ್ಕೋರಿ, ಕ್ಲೇಮಿಗೆ ಅದ ಬೇಕು. ತಲುಪದಿದ್ರ ಕಳಿಸಿ 15 ದಿನ ಆದಮ್ಯಾಲೆ ಕ್ಲೇಮ್ ಹಾಕಬಹುದು, 60 ದಿನ ದಾಟಿದ್ರ ಮುಗೀತು. ಪೆಟ್ಟಾಗಿ ತಲುಪಿದ್ರ ಕಾಯೂದು ಬ್ಯಾಡ, ತಕ್ಷಣ ಹಾಕ್ರಿ. ಅಂಚೆಯವರು ನೋಡಬೇಕು ಅಂತ ಕೇಳ್ತಾರ, ಹಂಗಾಗಿ ಡಬ್ಬಿ, ಬಬಲ್ ರ‍್ಯಾಪ್, ರಟ್ಟು ಏನೂ ಎಸೀಬ್ಯಾಡ್ರಿ ಅಂತ ಗ್ರೇಡಿಂಗ್ ಕಂಪನಿಗೆ ಅವತ್ತ ಈಮೇಲ್ ಮಾಡ್ರಿ.